ಸಿಡಿಲಕ್ಕನಿಗೆ ಹೊತ್ತ ಹರಕೆ

ಹುಲ್ಲಹಳ್ಳಿ
೧ ಫೆಬ್ರವರಿ ೨೦೨೬, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಬಿಂದು,

ಹೇಗಿದ್ದೀಯೆ ಮಗಳೇ? ಬೂಟು ಕಚ್ಚಿ ಹಿಮ್ಮಡಿಯಲ್ಲಿ ಎದ್ದಿದ್ದ ಬೊಬ್ಬೆ ಒಣಗಿತೆ? ಹರಳೆಣ್ಣೆ ಹಚ್ಚು ಅಂದಿದ್ದೆ, ನೀನು ಹಚ್ಚಿರುವುದಿಲ್ಲ, ನನಗೆ ಗೊತ್ತು. ಕಲಬುರಗಿಯ ಬಿಸಿಲು ಈಗಲೇ ಏರತೊಡಗಿದೆಯಂತೆ, ಪೆರೇಡಿಗೆ ಹೋಗುವ ಮುಂಚೆ ಹೊಟ್ಟೆ ತುಂಬ ನೀರು ಕುಡಿ. ಜೋಳದ ರೊಟ್ಟಿ ಒಗ್ಗಿತೋ, ಇನ್ನೂ ಮುದ್ದೆಯ ಕನಸೇ ಕಾಣುತ್ತಿದ್ದೀಯೋ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಅದೊಂದು ಬಿಟ್ಟರೆ ಆರೋಗ್ಯವಾಗಿದ್ದಾರೆ.

ನಿಮ್ಮ ಪೊಲೀಸ್ ಟ್ರೈನಿಂಗಿನವರು ಭಾನುವಾರ ಮಾತ್ರ ಫೋನು ಕೈಗೆ ಕೊಡುತ್ತಾರೆ. ಹೋದ ಭಾನುವಾರ ನೀನು ನನ್ನ ಮಾತು ಮುಗಿಯುವ ಮುಂಚೆಯೇ ಕಟ್ ಮಾಡಿದೆ. ಇವತ್ತು ಬೆಳಿಗ್ಗೆಯಿಂದ ಮಾಡುತ್ತಲೇ ಇದ್ದೇನೆ, ಎತ್ತುತ್ತಿಲ್ಲ. ಇರಲಿ, ನಾನೂ ಎಸೆಸೆಲ್ಸಿ ಪಾಸಾದವಳೇ, ಕಾಗದ ಬರೆಯುವುದು ಮರೆತಿಲ್ಲ. ಫೋನಾದರೆ ಕಟ್ ಮಾಡಬಹುದು. ಕಾಗದವನ್ನು ನೀನು ಸಿಟ್ಟಿಗೆ ಹರಿದರೂ ಒಂದು ಸಲ ಓದಿಯೇ ಹರಿಯುತ್ತೀಯೆ. ಹೆತ್ತವಳಿಗೆ ಅಷ್ಟೂ ಗೊತ್ತಿರುವುದಿಲ್ಲವೆ?

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಾಳೆ ಸೋಮವಾರ ಮೊದಲ ಬಸ್ಸಿಗೆ ನಂಜನಗೂಡಿಗೆ ಹೋಗಿ, ಕಪಿಲೆಯಲ್ಲಿ ಮಿಂದು, ನಂಜುಂಡಪ್ಪನಿಗೆ ಮುಡಿ ಕೊಟ್ಟು ಬರುತ್ತೇನೆ. ಶಾಸ್ತ್ರಕ್ಕೆ ಮೂರು ಕಡೆ ಕತ್ತರಿ ಆಡಿಸುವ ಹೂಮುಡಿ ಅಲ್ಲ, ಇಡೀ ಮುಡಿ. ಮುಂದಿನ ತಿಂಗಳು ನಿನ್ನ ಮದುವೆ ಅನ್ನುವುದು ನೆನಪಿದೆ. ಧಾರೆಯ ಹೊತ್ತಿಗೆ ಕೂದಲು ಬೆರಳಲ್ಲಿ ಹಿಡಿಯುವಷ್ಟೂ ಬೆಳೆದಿರುವುದಿಲ್ಲ, ಅದೂ ಗೊತ್ತು. ಗೊತ್ತಿದ್ದೇ ಹೋಗುತ್ತಿದ್ದೇನೆ.

‘ಟೀವಿಯವಳು ಹುಷಾರಾಗಲಿ ಅಂತ ಯಾರಾದ್ರೂ ತಲೆ ಬೋಳಿಸ್ಕೋತಾರಾ ಅವ್ವ? ನನ್ನ ಜೊತೆಯವರ ಮುಂದೆ ಹೇಗೆ ಮುಖ ತೋರಿಸ್ಲಿ?’ ಅಂತ ಕೇಳಿದೆಯಲ್ಲ, ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲು ಅವಳು ಯಾರು ಅಂತ ಹೇಳಬೇಕು. ನೀನು ಮನೆಯಲ್ಲಿದ್ದಾಗ ಸೀರಿಯಲ್ ಶುರುವಾದರೆ ಎದ್ದು ಹೋಗುತ್ತಿದ್ದವಳು. ಅವಳ ಹೆಸರು ಸುಗುಣ, ಬಸ್ ಕಂಡಕ್ಟರ್. ಒಂದು ಮಳೆಯಲ್ಲಿ ಹುಣಸೆಮರದ ಕೆಳಗೆ ನಿಂತಿದ್ದ ಬಸುರಿ ಹೆಂಗಸನ್ನು ಆಚೆ ತಳ್ಳಿ, ಬೀಳುವ ಸಿಡಿಲಿಗೆ ತಾನೇ ಮೈಯೊಡ್ಡಿದಳು. ಸಾಯಲಿಲ್ಲ, ಆ ಸಿಡಿಲೇ ಅವಳ ತೋಳಿಗೆ ಇಳಿಯಿತು. ಅಂದಿನಿಂದ ಅವಳು ಸಿಡಿಲಕ್ಕ. ಹಗಲು ಟಿಕೆಟ್ ಹರಿಯುತ್ತಾಳೆ, ಎಲ್ಲಾದರೂ ಅನ್ಯಾಯ ಕಂಡರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀಟಿ ಊದುತ್ತಾಳೆ, ಮರಳಿನ ಲಾರಿಯನ್ನು ಒಂದೇ ಕೈಯಲ್ಲಿ ತಡೆದು ನಿಲ್ಲಿಸುತ್ತಾಳೆ. ನಗಬೇಡ. ಆಕಾಶದಲ್ಲಿ ಹಾರುವವರು, ಮುಖವಾಡ ಹಾಕಿದವರು ಎಷ್ಟೋ ಜನ ಟೀವಿಯಲ್ಲಿ ಬಂದು ಹೋದರು. ಸೀರೆ ಉಟ್ಟುಕೊಂಡು, ಕೈಚೀಲದಲ್ಲಿ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಲೋಕ ಕಾಯುವವಳು ಇವಳೊಬ್ಬಳೇ.

ಸಂಜೆ ಏಳೂವರೆಗೆ ನಮ್ಮ ಹಿಟ್ಟಿನ ಮಿಲ್ಲಿನಲ್ಲಿ ಜಾಗ ಇರುವುದಿಲ್ಲ ಕಣೆ. ರಾಗಿ ಡಬ್ಬ ಹೊತ್ತುಕೊಂಡು ಹೆಂಗಸರು ಬೇಕಂತಲೇ ಆ ಹೊತ್ತಿಗೇ ಬರುತ್ತಾರೆ. ಮಿಷನ್ನಿನ ಸದ್ದಿಗೆ ಟೀವಿ ಕೇಳಿಸುವುದಿಲ್ಲ ಅಂತ ನಾನೂ ಬೆಲ್ಟು ಬಿಚ್ಚಿಟ್ಟುಬಿಡುತ್ತೇನೆ. ಎಲ್ಲರೂ ಹಿಟ್ಟಿನ ಮೂಟೆಗಳ ಮೇಲೆ ಕೂತು ನೋಡುತ್ತೇವೆ. ಪಕ್ಕದ ಬೀದಿಯ ಮಹದೇವಮ್ಮ ಇದ್ದಾರಲ್ಲ, ಅವರಂತೂ ಸಿಡಿಲಕ್ಕ ಊಟ ಮಾಡದೆ ಡ್ಯೂಟಿಗೆ ಹೊರಟರೆ ‘ಅಯ್ಯೋ, ಒಂದ್ ತುತ್ ಬಾಯಿಗಾಕ್ಕಂಡ್ ಓಗವ್ವ’ ಅಂತ ಟೀವಿಗೇ ಹೇಳುತ್ತಾರೆ. ನಾನು ಹೇಳುವುದಿಲ್ಲ, ಆದರೆ ಮನಸ್ಸಿನಲ್ಲಿ ಅಂದುಕೊಂಡಿರುತ್ತೇನೆ. ದಿನವೆಲ್ಲ ಹಿಟ್ಟಿನ ಧೂಳು ಕುಡಿದು, ಅವರ ಅಕ್ಕಿ ಇವರ ಡಬ್ಬಕ್ಕೆ ಬಿತ್ತು ಅನ್ನುವ ಜಗಳ ಬಿಡಿಸಿ ಸುಸ್ತಾದವಳಿಗೆ ಆ ಅರ್ಧ ಗಂಟೆ ತವರಿಗೆ ಹೋಗಿ ಬಂದ ಹಾಗಿರುತ್ತದೆ.

ಇನ್ನೊಂದು ಮಾತು ನಿನಗೆ ಗೊತ್ತಿಲ್ಲ, ಕೇಳು. ನೀನು ಪೊಲೀಸ್ ಪರೀಕ್ಷೆ ಪಾಸು ಮಾಡಿ ಬಂದ ದಿನ ನಿಮ್ಮಪ್ಪ ಏನಂದರು? ‘ಎಣ್ಣೈಕ್ಳಿಗೆ ಲಾಠಿ ಯಾಕೆ? ನಾಳಿಕ್ಕೆ ಯಾವನ್ ಮದ್ವೆ ಆಯ್ತನೆ?’ ಅಂದರು. ನೀನು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ನಾನು ಮದುವೆಯಾಗಿ ಬಂದಾಗಿನಿಂದ ಅವರ ಮಾತಿಗೆ ಎದುರಾಡಿದವಳಲ್ಲ. ಆ ದಿನವೇ ಸಂಜೆ ಸಿಡಿಲಕ್ಕನನ್ನು ಡಿಪೋ ಮ್ಯಾನೇಜರು ‘ಹೆಂಗಸು ನೀನು, ಮನೆಗೆ ಹೋಗು’ ಅಂದ. ಅವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು, ‘ಬಸ್ಸು ನಿಮ್ಮದಿರಬಹುದು ಸಾರ್, ರೈಟ್ ಹೇಳೋಳು ನಾನು’ ಅಂದಳು. ಮಿಲ್ಲಿನಿಂದ ನೆಟ್ಟಗೆ ಮನೆಗೆ ಬಂದವಳೇ, ಕೈಯ ಹಿಟ್ಟನ್ನೂ ತೊಳೆಯದೆ ನಿಮ್ಮಪ್ಪನ ಮುಂದೆ ನಿಂತು, ‘ಅವಳು ಹೋಗ್ತಾಳೆ, ನಾನು ಕಳಿಸ್ತೀನಿ’ ಅಂದೆ. ಅಷ್ಟು ಧೈರ್ಯ ನನಗೆ ಎಲ್ಲಿಂದ ಬಂತು ಅಂತ ನೀನು ಆವತ್ತು ಕೇಳಿದೆ, ನಾನು ಹೇಳಲಿಲ್ಲ. ಈಗ ಹೇಳಿದ್ದೇನೆ. ನಿನ್ನ ಮೈಮೇಲಿನ ಖಾಕಿಯಲ್ಲಿ ಅವಳ ಪಾಲೂ ಇದೆ, ಟೀವಿಯವಳು ಅಂತ ಸಸಾರ ಮಾಡಬೇಡ.

ಅಂಥವಳು ದೀಪಾವಳಿ ಕಳೆದ ಮೇಲೆ ಸಾಯಲು ಬಿದ್ದಳು. ಮರಳಿನವರು ಅಡಿಪಾಯ ಬಗೆದು ಬಗೆದು ಸೇತುವೆ ಬಿರುಕು ಬಿಟ್ಟಿತ್ತು. ಅಷ್ಟರಲ್ಲಿ ಮಕ್ಕಳು ತುಂಬಿದ ಸ್ಕೂಲ್ ಬಸ್ಸು ಬಂತು. ಇವಳು ಹೊಳೆಗೆ ಇಳಿದು ಸೇತುವೆಗೆ ಹೆಗಲು ಕೊಟ್ಟಳು. ಬಸ್ಸು ದಾಟಿತು, ಸೇತುವೆ ಇವಳ ಮೇಲೆ ಬಿತ್ತು. ಆಮೇಲೆ ವಾರಗಟ್ಟಲೆ ಐಸಿಯು. ಮೂಗಿಗೆ ಪೈಪು, ಪಕ್ಕದಲ್ಲಿ ಟೀಂ ಟೀಂ ಅನ್ನುವ ಮಿಷನ್ನು. ಆ ಪಾರ್ಟಿನ ಹುಡುಗಿ ಸೀರಿಯಲ್ ಬಿಡುತ್ತಾಳಂತೆ, ಸಿಡಿಲಕ್ಕನನ್ನು ಸಾಯಿಸುತ್ತಾರಂತೆ ಅಂತ ಸುದ್ದಿ ಬೇರೆ ಎದ್ದಿತು. ಮಿಲ್ಲಿಗೆ ಬಂದವರು ಅವರವರ ಮನೆಯ ರೋಗಿಯನ್ನು ವಿಚಾರಿಸಿದ ಹಾಗೆ ‘ಎಂಗವಳೆ ಇವತ್ತು?’ ಅಂತ ಕೇಳುತ್ತಿದ್ದರು. ಒಂದು ದಿನ ಆ ಮಿಷನ್ನಿನ ಗೆರೆ ನೆಟ್ಟಗಾಯಿತು. ಅಷ್ಟಕ್ಕೇ ನಿಲ್ಲಿಸಿ, ನಾಳೆ ನೋಡಿ ಅಂದುಬಿಟ್ಟರು. ಹಾಳಾದವರು!

ಮನೆಗೆ ಬಂದು ದೇವರ ಗೂಡಿನ ಮುಂದೆ ಕೂತೆ. ಬೇರೆ ಯಾರಿಗಾಗಿ ಕೇಳಿಕೊಳ್ಳುವಾಗಲೂ ನಾನು ಅಷ್ಟು ಅತ್ತವಳಲ್ಲ. ‘ನಂಜುಂಡಪ್ಪ, ಇವಳನ್ನ ಎಬ್ಬಿಸು, ನನ್ನ ಇಡೀ ಮುಡಿ ನಿನಗೆ’ ಅಂದೆ. ಬಾಯಲ್ಲಿ ಅಂದು ಬಿಟ್ಟಿದ್ದರೆ ಅದು ಬರೀ ಮಾತಾಗುತ್ತಿತ್ತು, ನಾನು ಒಂದು ನಾಣ್ಯವನ್ನೂ ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಮುಡಿಪಿಟ್ಟೆ. ಆ ಗಂಟನ್ನು ಹರಕೆ ತೀರಿಸುವ ಜಾಗದಲ್ಲಿ ಬಿಟ್ಟು ಬೇರೆಲ್ಲೂ ಬಿಚ್ಚುವ ಹಾಗಿಲ್ಲ, ನಿನಗೂ ಗೊತ್ತು. ಮಾರನೆಯ ದಿನ ಅವಳ ಕಿರುಬೆರಳು ಅಲ್ಲಾಡಿತು. ವಾರದೊಳಗೆ ಎದ್ದು ಕೂತಳು. ಸಂಕ್ರಾಂತಿಯ ಹಿಂದಿನ ದಿನ ಮತ್ತೆ ಬಸ್ಸು ಹತ್ತಿ ಸೀಟಿ ಊದಿದಳು. ನಮ್ಮ ಮಿಲ್ಲಿನಲ್ಲಿ ಹೆಂಗಸರೆಲ್ಲ ಶಿಳ್ಳೆ ಹೊಡೆದರು ಅಂದರೆ ನಂಬುತ್ತೀಯಾ?

ಈಗ ಎಲ್ಲರೂ ಬುದ್ಧಿ ಹೇಳುವವರೇ. ಮಹದೇವಮ್ಮ ‘ಅಲ್ಲ ಕಣ್ ಮಂಗಳಕ್ಕ, ನಂಜುಂಡಪ್ಪನೂ ಟೀವಿ ನೋಡ್ತನಾ? ಅವ್ಳು ಎದ್ದಿದ್ದು ಬರಿಯೋರು ಎಬ್ಬಿಸಿದ್ಕೆ’ ಅಂದರು. ಆಗಲಿ, ಬರೆಯುವವನ ತಲೆಗೆ ಆ ಬುದ್ಧಿ ಕೊಟ್ಟವರು ಯಾರು? ನಿಮ್ಮಪ್ಪ ‘ಜನ ನೋಡಿದ್ರೆ ನಾನೇ ಸತ್ತೋದೆ ಅನ್ಕತರೆ’ ಅಂದರು. ಹಾಗಾದರೆ ನನ್ನ ಪಕ್ಕದಲ್ಲೇ ನಿಂತುಕೊಳ್ಳಿ, ಬದುಕಿದ್ದೀರಿ ಅಂತ ಎಲ್ಲರಿಗೂ ಕಾಣಿಸುತ್ತದೆ ಅಂದೆ. ಅಲ್ಲಿಂದಲೇ ಮಾತು ಬಿಟ್ಟಿದ್ದು.

ನಾನು ಹಟಕ್ಕೆ ಕುಣಿಯುತ್ತಿದ್ದೇನೆ ಅಂದುಕೊಳ್ಳಬೇಡ. ಮಠಕ್ಕೆ ಹೋಗಿ ನಮ್ಮ ಗುರುಗಳು ಬುದ್ಧಿಯವರ ಪಾದಕ್ಕೆ ಬಿದ್ದು ಎಲ್ಲ ಹೇಳಿದೆ. ಅವರು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, ‘ಹೂಮುಡಿ ಕೊಟ್ಟರೂ ಸ್ವಾಮಿ ಬೇಡ ಅನ್ನಲ್ಲ ತಾಯಿ, ನಿನ್ನ ಮನಸ್ಸು ಒಪ್ಪುತ್ತಾ ಕೇಳಿಕೋ’ ಅಂದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕೇಳಿಕೊಂಡೆ. ಒಪ್ಪಲಿಲ್ಲ. ಅವಳು ಕಥೆಯವಳು, ಒಪ್ಪಿದೆ. ನಾನು ಅತ್ತದ್ದು ಕಥೆಯಲ್ಲ, ನಾನು ಕೊಟ್ಟ ಮಾತೂ ಕಥೆಯಲ್ಲ. ಕೆಲಸ ಆಗುವ ತನಕ ಇಡೀ ಮುಡಿ, ಆದ ಮೇಲೆ ಮೂರು ಎಳೆ ಅಂದರೆ ಅದು ದೇವರ ಹತ್ತಿರ ಚೌಕಾಸಿ ಮಾಡಿದ ಹಾಗೆ.

ಮದುವೆ ಆದ ಮೇಲೆ ಕೊಡು ಅನ್ನುತ್ತೀರಿ. ಶುಭಕಾರ್ಯಕ್ಕೆ ಮುಂಚೆ ಬಾಕಿ ಹರಕೆಗಳನ್ನು ತೀರಿಸಿಕೊಳ್ಳುವುದು ನಮ್ಮಜ್ಜಿಯ ಕಾಲದಿಂದ ಬಂದ ಪದ್ಧತಿ. ನಿನ್ನ ಲಗ್ನಪತ್ರಿಕೆಯನ್ನು ಮೊದಲು ಇಡಬೇಕಾದ್ದು ನಂಜುಂಡಪ್ಪನ ಮುಂದೆ. ಅವನಿಗೆ ಕೊಡಬೇಕಾದ್ದನ್ನು ತಲೆಯ ಮೇಲೆ ತುರುಬು ಕಟ್ಟಿಕೊಂಡು, ನನ್ನ ಮಗಳನ್ನು ಚೆನ್ನಾಗಿಡಪ್ಪ ಅಂತ ಯಾವ ಮುಖದಲ್ಲಿ ಕೇಳಲಿ? ಇದು ನಿನ್ನ ಮದುವೆ ಅಂತಲೇ ನನಗೆ ಇಷ್ಟು ಅವಸರ.

ಇನ್ನು ನಿನ್ನ ಅತ್ತೆಯಾಗುವವರ ವಿಷಯ. ಅದನ್ನು ಹೇಳುವುದಕ್ಕೇ ಹೋದ ಭಾನುವಾರ ಒದ್ದಾಡಿದೆ. ತಿ. ನರಸೀಪುರದಿಂದ ಚಾಮುಂಡಮ್ಮನವರು ಫೋನ್ ಮಾಡಿದ್ದರು. ‘ನೋಡಿ ಬೀಗಿತ್ತಿಯೋರೆ, ಧಾರೆ ಎರಿಯೋ ತಾಯಿ ಬೋಳ್ ತಲೇಲಿ ನಿಂತ್ರೆ ನಮ್ ಕಡೆಯೋರು ಸುಮ್ನಿದ್ದಾರಾ? ಮದ್ವೆ ಆಗ್ಲಿ, ಆಮೇಲ್ ಕೊಡಿ. ಇಲ್ಲ, ವಿಗ್ಗೋ ಗಿಗ್ಗೋ ಹಾಕ್ಕಳಿ. ಎರಡೂ ಆಗಲ್ಲ ಅಂದ್ರೆ ನಾವೂ ಯೋಚ್ನೆ ಮಾಡ್ಬೇಕಾಯ್ತದೆ’ ಅಂದರು. ಮೆತ್ತಗೆ ಅಂದರು, ಆದರೆ ಅಂದರು. ವಿಗ್ಗಿನ ಮಾತಿಗೆ ನನಗೆ ನಗು ಬಂತು. ನನ್ನ ಮುಡಿಯನ್ನು ಕೊಟ್ಟು, ಯಾರೋ ಯಾವ ದೇವರಿಗೋ ಕೊಟ್ಟ ಮುಡಿಯನ್ನು ತಲೆಗೆ ಏರಿಸಿಕೊಳ್ಳುವುದೆ? ‘ಯೋಚ್ನೆ ಮಾಡ್ಬೇಕಾಯ್ತದೆ’ ಅಂದದ್ದಕ್ಕೆ ಮಾತ್ರ ನಗು ಬರಲಿಲ್ಲ ಮಗಳೇ.

ಯಾಕೆಂದರೆ ಅಮೃತೇಶನನ್ನು ನೀನು ಮನಸಾರೆ ಒಪ್ಪಿದ್ದೀಯೆ, ನಾನು ಕುರುಡಿಯಲ್ಲ. ಮದುವೆ ನಿಶ್ಚಯದ ಎಲೆಶಾಸ್ತ್ರದ ದಿನ ಅವನು ತಮ್ಮ ಗೊಬ್ಬರದ ಅಂಗಡಿಯ ವಿಷಯ ಏನೋ ತಮಾಷೆ ಮಾಡಿದಾಗ ನೀನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದನ್ನು ನೋಡಿದ್ದೇನೆ. ನೀನು ಅಷ್ಟು ನಕ್ಕಿದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ನನ್ನಿಂದ ಆ ನಗು ಹೋಗಿಬಿಟ್ಟರೆ ಅನ್ನುವ ಭಯಕ್ಕೆ ಶುಕ್ರವಾರ ಆ ಗಂಟನ್ನು ಕೈಗೆ ತೆಗೆದುಕೊಂಡೆ, ಬಿಚ್ಚಿ ಹುಂಡಿಗೆ ಹಾಕಿ ತಪ್ಪುಕಾಣಿಕೆ ಅಂದುಬಿಡೋಣ ಅಂತ. ಬೆರಳು ಬರಲಿಲ್ಲ. ಇವತ್ತು ನಿನಗಾಗಿ ಇದನ್ನು ಬಿಚ್ಚಿದರೆ, ನಾಳೆ ನಿನಗಾಗಿಯೇ ಹೊರುವ ಹರಕೆಯನ್ನು ಆ ದೇವರು ಯಾಕೆ ನಂಬಬೇಕು? ತಿರುಗಿ ಗೂಡಿನಲ್ಲೇ ಇಟ್ಟೆ.

ನನಗೆ ಕೂದಲ ಮೇಲೆ ಆಸೆ ಇಲ್ಲ ಅಂದುಕೊಂಡೆಯಾ? ನಿಮ್ಮಪ್ಪ ಹೆಣ್ಣು ನೋಡಲು ಬಂದಾಗ ಮೊದಲು ನೋಡಿದ್ದು ನನ್ನ ಜಡೆಯನ್ನೇ, ಮುಖವನ್ನು ಆಮೇಲೆ. ಮಿಲ್ಲಿನಲ್ಲಿ ಟವೆಲ್ ಬಿಗಿದು ಕಟ್ಟಿ, ವಾರಕ್ಕೊಂದು ದಿನ ಸೀಗೆಪುಡಿ ಉಜ್ಜಿ, ಹಿಟ್ಟಿನ ಧೂಳಿನಿಂದ ಕಾಪಾಡಿಕೊಂಡು ಬಂದ ಕೂದಲು ಅದು. ನಿನ್ನೆ ಬಾಚಿಕೊಳ್ಳುತ್ತಾ ಅತ್ತುಬಿಟ್ಟೆ, ಯಾಕೆ ಸುಳ್ಳು ಹೇಳಲಿ. ಆದರೆ ನೀನು ಟ್ರೈನಿಂಗಿಗೆ ಸೇರಿದ ದಿನ ಕೂದಲು ಮೊಟಕು ಮಾಡಿಸಿಕೊಂಡು ಫೋಟೋ ಕಳಿಸಿದೆ. ನಾನು ಒಂದು ಮಾತಾದರೂ ಆಡಿದೆನೆ? ನಿನ್ನ ಕೆಲಸಕ್ಕೆ ಅದು ಬೇಕಿತ್ತು, ನೀನು ಕೊಟ್ಟೆ. ನನ್ನ ಮಾತಿಗೆ ಇದು ಬೇಕಾಗಿದೆ, ಕೊಡುತ್ತೇನೆ. ಧಾರೆಯ ದಿನ ತಲೆ ಮುಚ್ಚಿಕೊಳ್ಳುವುದಿಲ್ಲ. ಹಣೆ ತುಂಬ ವಿಭೂತಿ ಹಚ್ಚಿ, ಆ ಹಸಿರು ಮೈಸೂರು ಸಿಲ್ಕ್ ಉಟ್ಟು ನೆಟ್ಟಗೆ ನಿಲ್ಲುತ್ತೇನೆ. ಕೇಳಿದವರಿಗೆಲ್ಲ ಸಿಡಿಲಕ್ಕನ ಕಥೆ ಹೇಳುತ್ತೇನೆ, ಅವರಿಗೂ ಹೊತ್ತು ಹೋಗುತ್ತದೆ.

ನನ್ನ ಕಾರಣಕ್ಕೆ ಸಂಬಂಧ ಮುರಿದರೆ ಆ ಮಾತು ನನ್ನ ತಲೆಗೇ ಬರಲಿ. ನಾನೇ ತಿ. ನರಸೀಪುರಕ್ಕೆ ಹೋಗಿ, ಆ ಹುಡುಗನ ಮುಂದೆ ಕೈಮುಗಿದು, ನಮ್ಮ ಹುಡುಗಿಯದು ಏನೂ ತಪ್ಪಿಲ್ಲಪ್ಪ ಅಂತ ಹೇಳಿ ಬರುತ್ತೇನೆ. ನೀನು ನನ್ನ ಮೇಲೆ ಎಷ್ಟು ದಿನ ಬೇಕಾದರೂ ಸಿಟ್ಟು ಮಾಡಿಕೋ, ಆದರೆ ಊಟದ ಮೇಲೆ ತೋರಿಸಬೇಡ. ಬೇರೆ ಪಾರ್ಸಲ್ಲಿನಲ್ಲಿ ನಿಪ್ಪಟ್ಟು, ಕೋಡುಬಳೆ ಕಳಿಸಿದ್ದೇನೆ, ರೂಮಿನ ಹುಡುಗಿಯರಿಗೂ ಕೊಡು. ಅದರಲ್ಲಿ ಗಾನವಿ ಅನ್ನುವವಳಿಗೆ ಖಾರ ಆಗದು ಅಂದಿದ್ದೆಯಲ್ಲ, ಅವಳಿಗೆ ಅಂತ ಬೆಲ್ಲದ ಉಂಡೆ ಇಟ್ಟಿದ್ದೇನೆ. ನಿನ್ನ ಕಾಲಿಗೆ ನಂಜುಂಡಪ್ಪ ಬಲ ಕೊಡಲಿ, ನಾಲಿಗೆಗೆ ಒಂಚೂರು ತಾಳ್ಮೆಯನ್ನೂ ಕೊಡಲಿ. ಎಲ್ಲಿ ನಿಂತರೂ ಗಟ್ಟಿಯಾಗಿ ನಿಲ್ಲು ಮಗಳೇ.

ನಿನ್ನನ್ನು ಹೆತ್ತ ಹಟಮಾರಿ,
ಮಂಗಳಗೌರಿ

ತಾ.ಕ.: ಸೋಮವಾರ, ನಂಜನಗೂಡು ಬಸ್ ಸ್ಟ್ಯಾಂಡು. ಕಾಗದವನ್ನು ಇಲ್ಲೇ ಪೋಸ್ಟ್ ಮಾಡೋಣ ಅಂತ ಅಂಟಿಸದೆ ತಂದಿದ್ದೆ, ಒಳ್ಳೆಯದೇ ಆಯಿತು. ತೊಡೆಯ ಮೇಲೆ ಇಟ್ಟುಕೊಂಡು ಗೀಚುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬೆಳಿಗ್ಗೆ ಸ್ನಾನಘಟ್ಟದ ಮೆಟ್ಟಿಲ ಹತ್ತಿರ ಅಮೃತೇಶ ನಿಂತಿದ್ದ! ‘ಅಮ್ಮ ಕಳ್ಸವ್ರೆ ಅತ್ತೆ, ನಿಮ್ಮನ್ನ ಒಪ್ಪಿಸಿ ವಾಪಸ್ ಬಸ್ ಅತ್ತಿಸ್ಬಾ ಅಂತ’ ಅಂದ. ನಾನು ಇವತ್ತೇ ಬರುವ ಸುದ್ದಿಯನ್ನು ನಿಮ್ಮಪ್ಪನೇ ಮುಟ್ಟಿಸಿರಬೇಕು. ನಾನು ಆಗಲ್ಲಪ್ಪ ಅಂದೆ. ಅವನು ಪಕ್ಕದಲ್ಲಿ ಕೂತು, ‘ಓಗ್ಲಿ, ಅದ್ಯಾರು ಅತ್ತೆ ಸಿಡಿಲಕ್ಕ?’ ಅಂತ ಕೇಳಿದ. ಕೇಳಿದ ಮೇಲೆ ಬಿಡುತ್ತೇನೆಯೆ? ಸಿಡಿಲಿನಿಂದ ಸೇತುವೆಯವರೆಗೆ ಹೇಳಿದೆ. ನಗುತ್ತಾನೆ ಅಂದುಕೊಂಡೆ. ಅವನು ತಲೆಯ ಹಿಂದೆ ಕೈಯಿಟ್ಟುಕೊಂಡ. ಆಮೇಲೆ ಹೇಳಿದ. ಚಿಕ್ಕವನಿದ್ದಾಗ ಟೀವಿಯಲ್ಲಿ ಮಿಂಚುಳ್ಳಿ ಅಂತ ಹಾರುವ ವೀರ ಒಬ್ಬ ಬರುತ್ತಿದ್ದನಂತೆ, ಇವನಿಗೆ ಅವನೆಂದರೆ ಪ್ರಾಣ. ಅವ್ವನ ಸೀರೆ ಕುತ್ತಿಗೆಗೆ ಕಟ್ಟಿಕೊಂಡು ಗೊಬ್ಬರದ ಗೋಡೌನಿನ ಶೀಟಿನ ಮೇಲಿಂದ ಹಾರಿದನಂತೆ. ತಲೆ ಒಡೆದು ಪ್ರಜ್ಞೆ ಇಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಚಾಮುಂಡಮ್ಮನವರೇ ಇವನ ಮುಡಿಯನ್ನು ನಂಜುಂಡಪ್ಪನಿಗೆ ಹರಕೆ ಹೊತ್ತರಂತೆ. ಇವನು ಕಣ್ಣು ಬಿಟ್ಟ. ಆಮೇಲೆ ಸ್ಕೂಲ್ ಫೋಟೋ ಆಗಲಿ, ಪರೀಕ್ಷೆ ಆಗಲಿ, ಕಾಲೇಜು ಸೇರಲಿ ಅಂತ ಮುಂದಕ್ಕೆ ಹಾಕಿಕೊಂಡೇ ಬಂದು, ಇನ್ನೂ ತೀರಿಸಿಲ್ಲ!

ನನ್ನ ಎದುರಿಗೇ ಫೋನ್ ಹಚ್ಚಿ ‘ಅಮ್ಮ, ನನ್ ಮುಡಿ ಬಾಕಿ ಅದಲ್ವಾ?’ ಅಂದ. ‘ಬಾಕಿ ಇಟ್ಕಂಡ್ ನಾನು ಧಾರೆಗ್ ನಿಲ್ಲಲ್ಲ’ ಅಂದವನೇ ಶರಟು ಬಿಚ್ಚಿ ಕೂತುಬಿಟ್ಟ. ನಾನು ಗಾಬರಿಯಾಗಿ, ‘ಬೇಡ ಕಣಪ್ಪ, ಮದುಮಗ ನೀನು, ಜನ ಏನಂದಾರು, ಮದುವೆ ಆಗಲಿ’ ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ಬಿದ್ದು ಬಿದ್ದು ನಕ್ಕ. ಮೊದಲು ಅವನದು, ಆಮೇಲೆ ನನ್ನದು. ಅವನ ಕೂದಲು ಹೋದ ಮೇಲೆ ಹಿಂದುಗಡೆ ಗಾಯದ ಗುರುತು ಉದ್ದಕ್ಕೆ ಕಂಡಿತು, ನನಗೆ ಕಣ್ಣೀರು ತಡೆಯಲಾಗಲಿಲ್ಲ. ಚಾಮುಂಡಮ್ಮನವರು ತಿರುಗಿ ಫೋನ್ ಮಾಡಿ ಬಹಳ ಹೊತ್ತು ಅತ್ತರು. ಕೊನೆಗೆ ‘ಅವನ್ ತಲೆಗೆ ಗಂಧ ದಪ್ಪಗ್ ಹಚ್ಚಿ ಬೀಗಿತ್ತಿಯೋರೆ, ಬಿಸ್ಲು ತಡಿಯಲ್ಲ ಅವ್ನು. ನೀವೂ ಹಚ್ಕಳಿ’ ಅಂದರು. ಈಗ ಅವನು ನನ್ನ ಪಕ್ಕದಲ್ಲೇ ಕೂತು ಕಬ್ಬಿನ ಹಾಲು ಕುಡಿಯುತ್ತಿದ್ದಾನೆ, ತಲೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಾನೆ. ಫೋಟೋ ಕಳಿಸಲಾ ಅಂದರೆ ಬೇಡ, ಅವಳು ಮಂಟಪದಲ್ಲೇ ನೋಡಲಿ ಅನ್ನುತ್ತಾನೆ. ಹುಲ್ಲಹಳ್ಳಿ ಬಸ್ಸು ಬಂತು, ಹೊರಟೆ. ಬಿಂದು, ಈ ಹುಡುಗನನ್ನು ಬಿಡಬೇಡ.